ನಂಬರ್ ಉಳಿಸಿಕೊಂಡು ಕಂಪನಿ ಬಿಡುವುದು

2018ರ ಫೆಬ್ರವರಿಯಲ್ಲಿ ತಮಿಳುನಾಡಿನ ಏರ್‌ಸೆಲ್ ಗ್ರಾಹಕರ ಫೋನುಗಳಲ್ಲಿ ಸಿಗ್ನಲ್ ಗೆರೆಗಳು ಮಾಯವಾದವು. ಏರ್‌ಸೆಲ್ ಆ ನೆಲದಲ್ಲೇ ಹುಟ್ಟಿ, 1999ರಿಂದ ಅಲ್ಲಿ ಸೇವೆ ಕೊಟ್ಟುಕೊಂಡು ಬಂದ ಕಂಪನಿ. ಸಾಲ ಕುತ್ತಿಗೆಯವರೆಗೆ ಬಂದಿತ್ತು, ಟವರ್‌ಗಳು ಒಂದೊಂದಾಗಿ ನಿಂತುಹೋದವು. ತಿಂಗಳ ಕೊನೆಗೆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಚೆನ್ನೈ, ಕೊಯಮತ್ತೂರುಗಳ ಏರ್‌ಸೆಲ್ ಮಳಿಗೆಗಳ ಮುಂದೆ ಜನ ಮುಗಿಬಿದ್ದರು. ರೀಚಾರ್ಜ್ ಮಾಡಿಸಿದ ದುಡ್ಡು ಹೋಯಿತೆಂಬ ಸಿಟ್ಟು ಇದ್ದೇ ಇತ್ತು. ಆದರೆ ಅದಕ್ಕಿಂತ ದೊಡ್ಡ ಆತಂಕ ನಂಬರ್ ಕೈತಪ್ಪುತ್ತದೆ ಎಂಬುದು. ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗಬೇಕಾದರೆ ಎಂಟು ಅಕ್ಷರಗಳ ಒಂದು ಪೋರ್ಟ್ ಕೋಡ್ ಬೇಕು. ಆ ಕೋಡ್ ಪಡೆಯಲು ಅದೇ ಸಿಮ್ಮಿನಿಂದ 1900ಕ್ಕೆ ಎಸ್ಎಂಎಸ್ ಕಳಿಸಬೇಕು. ನೆಟ್‌ವರ್ಕೇ ಇಲ್ಲದಿದ್ದರೆ ಎಸ್ಎಂಎಸ್ ಹೋಗುವುದು ಎಲ್ಲಿಂದ?

ಮುಳುಗುವ ಹಡಗಿನಿಂದ ಇಳಿಯಲು ಕ್ಯಾಪ್ಟನ್ನನ ಸಹಿ ಬೇಕು ಎಂದಂತಾಯಿತು ಇದು. ಕಂಪನಿ ಬದಲಿಸಬೇಕೋ ಬೇಡವೋ ಎಂಬ ಲೆಕ್ಕಾಚಾರದಲ್ಲಿ ದರ, ಸಿಗ್ನಲ್, ಡೇಟಾ ಎಲ್ಲವೂ ಬರುತ್ತವೆ. ಆದರೆ ಭಾರತದಲ್ಲಿ ಈ ಲೆಕ್ಕದ ಚರಿತ್ರೆ ಮುಖ್ಯವಾಗಿ ನಂಬರಿನ ಚರಿತ್ರೆ. ಅದರಲ್ಲೂ ಊರು ಬಿಟ್ಟು ಬಂದವರ ನಂಬರಿನ ಚರಿತ್ರೆ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಸರ್ಕಾರ ದೇಶವನ್ನು ಸರ್ಕಲ್‌ಗಳಾಗಿ ಹಂಚಿ, ಪ್ರತಿ ಸರ್ಕಲ್‌ಗೆ ಇಬ್ಬರು ಖಾಸಗಿಯವರಿಗೆ ಪರವಾನಗಿ ಕೊಟ್ಟಿತ್ತು. ಆಯ್ಕೆ ಎಂದರೆ ಎರಡರಲ್ಲಿ ಒಂದು. ಕರ್ನಾಟಕದಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್, ಮುಂಬಯಿಯಲ್ಲಿ ಮ್ಯಾಕ್ಸ್ ಟಚ್ ಮತ್ತು ಬಿಪಿಎಲ್, ಚೆನ್ನೈಯಲ್ಲಿ ಸ್ಕೈಸೆಲ್ ಮತ್ತು ಆರ್‌ಪಿಜಿ, ದೆಹಲಿಯಲ್ಲಿ ಏರ್‌ಟೆಲ್ ಮತ್ತು ಎಸ್ಸಾರ್. ಬಂದ ಕರೆಗೂ ದುಡ್ಡು ಕೊಡಬೇಕಾಗಿದ್ದ ಕಾಲ ಅದು. ಒಳಬರುವ ಕರೆ ಪುಕ್ಕಟೆಯಾದದ್ದು 2003ರ ಮೇ ತಿಂಗಳಲ್ಲಿ.

ಆ ದಿನಗಳ ನಂಬರುಗಳನ್ನು ವಾಹನದ ನೋಂದಣಿ ಫಲಕದ ಹಾಗೆ ಓದಬಹುದಿತ್ತು. 9845 ಎಂದರೆ ಕರ್ನಾಟಕದ ಜೆಟಿ ಮೊಬೈಲ್ಸ್, ಮುಂದೆ ಅದನ್ನು ಕೊಂಡ ಏರ್‌ಟೆಲ್. 9844 ಎಂದರೆ ಸ್ಪೈಸ್. 9820 ಮುಂಬಯಿಯ ಮ್ಯಾಕ್ಸ್ ಟಚ್, 9821 ಬಿಪಿಎಲ್. 9810 ದೆಹಲಿ, 9840 ಚೆನ್ನೈ. 2002ರಲ್ಲಿ ಬಿಎಸ್ಎನ್ಎಲ್ ಮೊಬೈಲ್ ಸೇವೆ ಶುರು ಮಾಡಿದ ಮೇಲೆ ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ 9448ರ ಕರೆಗಳು ಬರತೊಡಗಿದವು. ನಾಲ್ಕಂಕಿ ನೋಡಿದರೆ ಕರೆ ಯಾವ ರಾಜ್ಯದ್ದು, ಯಾವ ಕಂಪನಿಯದ್ದು ಎಂದು ಎತ್ತುವ ಮೊದಲೇ ತಿಳಿಯುತ್ತಿತ್ತು. ಇದು ಕಾಕತಾಳೀಯವಲ್ಲ. ನಂಬರುಗಳ ಒಡೆತನ ಸರ್ಕಾರದ್ದು. ಅದು ಅವನ್ನು ಸರ್ಕಲ್‌ವಾರು ಗೊಂಚಲು ಕಟ್ಟಿ ಕಂಪನಿಗಳಿಗೆ ಕೊಡುತ್ತಿತ್ತು, ಕಂಪನಿ ಗ್ರಾಹಕರಿಗೆ ಬಿಡಿಯಾಗಿ ಹಂಚುತ್ತಿತ್ತು. ಗ್ರಾಹಕರ ಪಾಲಿಗೆ ಇದ್ದದ್ದು ಬಳಕೆಯ ಹಕ್ಕು ಮಾತ್ರ, ಅದೂ ಆ ಕಂಪನಿಯಲ್ಲಿ ಇರುವಷ್ಟು ದಿನ.

ಹಾಗಾಗಿ ಕಂಪನಿ ಬಿಡುವುದೆಂದರೆ ನಂಬರ್ ಬಿಡುವುದು. ಪ್ಲಂಬರ್, ಎಲ್‌ಐಸಿ ಏಜೆಂಟ್, ಆಟೋ ಚಾಲಕ, ಸಣ್ಣ ಅಂಗಡಿಯವರು ಇಂಥವರಿಗೆ ನಂಬರೇ ಬೋರ್ಡು. ಪಕ್ಕದ ಕಂಪನಿ ಅರ್ಧ ದರಕ್ಕೆ ಕೊಡುತ್ತೇನೆಂದರೂ ಅವರು ಕದಲುವಂತಿರಲಿಲ್ಲ. ಗೋಡೆಯ ಮೇಲೆ ಬರೆಸಿದ್ದು, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದು, ನೂರಾರು ಗಿರಾಕಿಗಳ ಫೋನಿನಲ್ಲಿ ಕೂತದ್ದು ಎಲ್ಲ ವ್ಯರ್ಥ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಸೇವೆಯಿಂದ ಕಟ್ಟಿಹಾಕಲಾಗದ ಗ್ರಾಹಕರನ್ನು ಹತ್ತಂಕಿ ಕಟ್ಟಿಹಾಕಿತ್ತು.

ಹೊರದೇಶಗಳಲ್ಲಿ ಈ ಗಂಟನ್ನು ಬಿಚ್ಚುವ ಕೆಲಸ ಆಗಲೇ ಶುರುವಾಗಿತ್ತು. ಸಿಂಗಪುರ 1997ರಲ್ಲಿ, ಹಾಂಗ್‌ಕಾಂಗ್ ಮತ್ತು ಬ್ರಿಟನ್ 1999ರಲ್ಲಿ, ಅಮೆರಿಕ 2003ರಲ್ಲಿ ನಂಬರ್ ಪೋರ್ಟಬಿಲಿಟಿ ತಂದವು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಇದನ್ನು ಶಿಫಾರಸು ಮಾಡಿದ್ದು 2006ರ ಮಾರ್ಚಿನಲ್ಲಿ. ಸರ್ಕಾರ ಒಪ್ಪಿದ್ದು 2007ರ ಕೊನೆಗೆ, ನಿಯಮಾವಳಿ ಬಂದದ್ದು 2009ರ ಸೆಪ್ಟೆಂಬರಿನಲ್ಲಿ. ಮಹಾನಗರಗಳಲ್ಲಿ ಆ ವರ್ಷಾಂತ್ಯದೊಳಗೆ ಶುರುವಾಗಬೇಕಿದ್ದದ್ದು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2010ರ ನವೆಂಬರ್ 25ರಂದು ಹರಿಯಾಣದ ರೋಹ್ಟಕ್‌ನಲ್ಲಿ ಮೊದಲ ಹೆಜ್ಜೆ, 2011ರ ಜನವರಿ 20ರಂದು ದೇಶದ ಎಲ್ಲ ಸರ್ಕಲ್‌ಗಳಲ್ಲಿ ಜಾರಿ.

ಶಿಫಾರಸಿನಿಂದ ಜಾರಿಯವರೆಗೆ ಹಿಡಿದ ಸುಮಾರು ಐದು ವರ್ಷ ಸಾಮಾನ್ಯ ವರ್ಷಗಳಲ್ಲ. ಕೋಟ್ಯಂತರ ಭಾರತೀಯರು ತಮ್ಮ ಮೊದಲ ಸಿಮ್ ಕೊಂಡದ್ದು ಅದೇ ಅವಧಿಯಲ್ಲಿ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿನ ಲೆಕ್ಕದಲ್ಲಿ ದರ ಹಾಕಿ ಯುದ್ಧ ಶುರು ಮಾಡಿದಾಗ ಜನ ತಮ್ಮದೇ ಉಪಾಯ ಕಂಡುಕೊಂಡಿದ್ದರು: ಹಳೇ ಸಿಮ್ ಬರುವ ಕರೆಗೆ, ಹೊಸ ಸಿಮ್ ಮಾಡುವ ಕರೆಗೆ. ಎರಡು ಸಿಮ್ ಹಾಕುವ ಅಗ್ಗದ ಫೋನುಗಳು ಅಷ್ಟು ಬೇಗ ಮನೆಮಾತಾಗಲು ಇದೂ ಒಂದು ಕಾರಣ. ಸರ್ಕಾರ ಕಾನೂನಿನಲ್ಲಿ ಕೊಡಲು ತಡಮಾಡಿದ್ದನ್ನು ಮಾರುಕಟ್ಟೆ ಹ್ಯಾಂಡ್‌ಸೆಟ್ಟಿನಲ್ಲಿ ಕೊಟ್ಟಿತು ಎನ್ನಬೇಕು.

ವ್ಯವಸ್ಥೆ ಕೆಲಸ ಮಾಡುವ ಬಗೆ ಸರಳ. ದೇಶವನ್ನು ಎರಡು ವಲಯ ಮಾಡಿ, ಪ್ರತಿ ವಲಯಕ್ಕೂ ಯಾವ ನಂಬರ್ ಈಗ ಯಾವ ಕಂಪನಿಯಲ್ಲಿದೆ ಎಂಬ ಪಟ್ಟಿ ಇಡುವ ಒಂದೊಂದು ಸಂಸ್ಥೆಯನ್ನು ನೇಮಿಸಿದರು. ಕರೆ ಹೊರಟಾಗ ಕರೆ ಮಾಡಿದವರ ಕಂಪನಿ ಮೊದಲು ಆ ಪಟ್ಟಿ ನೋಡುತ್ತದೆ. 9845 ಎಂದಿದ್ದರೂ ನಂಬರ್ ಬೇರೆಡೆ ಹೋಗಿದ್ದರೆ, ಹೊಸ ವಿಳಾಸದ ಸಂಕೇತ ಅಂಟಿಸಿ ಅಲ್ಲಿಗೆ ಕಳಿಸುತ್ತದೆ. ಪೋರ್ಟ್ ಮಾಡಿಸುವ ಶುಲ್ಕ ಆರಂಭದಲ್ಲಿ ಹೆಚ್ಚೆಂದರೆ 19 ರೂಪಾಯಿ ಇತ್ತು. ಒಂದು ಕಂಪನಿಗೆ ಬಂದವರು 90 ದಿನ ಅಲ್ಲೇ ಇರಬೇಕು, ಬಿಲ್ ಬಾಕಿ ಇರಬಾರದು.

ಕರ್ನಾಟಕದವರು ಇದನ್ನು ಹುರುಪಿನಿಂದ ಬಳಸಿದರು. ದಕ್ಷಿಣ ಮತ್ತು ಪೂರ್ವ ಭಾರತ ಸೇರಿದ ವಲಯದಲ್ಲಿ ಮೊದಲ ಹಲವು ವರ್ಷ ಅತಿಹೆಚ್ಚು ಪೋರ್ಟ್ ಅರ್ಜಿಗಳು ಬಂದದ್ದು ಕರ್ನಾಟಕ ಸರ್ಕಲ್‌ನಿಂದಲೇ. ನಿಜವಾಗಿ ಕಂಪನಿ ಬಿಡದವರಿಗೂ ಇದರಿಂದ ಲಾಭವಾಯಿತು. 1900ಕ್ಕೆ ಎಸ್ಎಂಎಸ್ ಹೋದ ಸ್ವಲ್ಪ ಹೊತ್ತಿನಲ್ಲೇ ಕಂಪನಿಯಿಂದ ಫೋನ್ ಬರುತ್ತಿತ್ತು: ಏನು ತೊಂದರೆ, ನಿಮಗೆಂದೇ ಒಂದು ವಿಶೇಷ ಪ್ಲಾನ್ ಇದೆ ಎಂದು. ವರ್ಷಗಟ್ಟಲೆ ಇದ್ದ ಗ್ರಾಹಕರಿಗೆ ಸಿಗದ ಮರ್ಯಾದೆ ಹೊರಟುನಿಂತವರಿಗೆ ಸಿಗತೊಡಗಿತು.

ಆದರೆ 2011ರ ಸ್ವಾತಂತ್ರ್ಯಕ್ಕೆ ಸರ್ಕಲ್‌ನ ಬೇಲಿ ಇತ್ತು. ಬೆಂಗಳೂರಿನಲ್ಲಿದ್ದುಕೊಂಡು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗಬಹುದು. ಬೆಂಗಳೂರಿನಿಂದ ಹೈದರಾಬಾದಿಗೆ ಹೋದರೆ ನಂಬರ್ ಜೊತೆಗೆ ಬರುವುದಿಲ್ಲ. ಮುಂಬಯಿ ಒಂದು ಸರ್ಕಲ್, ಪುಣೆ ಇರುವ ಮಹಾರಾಷ್ಟ್ರ ಇನ್ನೊಂದು, ಗೋವಾ ಆ ಮಹಾರಾಷ್ಟ್ರದ ಒಳಗೆ. ಹೊಸೂರು ಬೆಂಗಳೂರಿಗೆ ಎಷ್ಟು ಹತ್ತಿರವಿದ್ದರೇನು, ತಮಿಳುನಾಡು ಸರ್ಕಲ್. ಕಾಸರಗೋಡು ಕೇರಳ ಸರ್ಕಲ್. ಧಾರವಾಡದಲ್ಲಿ ಓದು ಮುಗಿಸಿ 2012ರಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಮುಂದೆ ಎರಡೇ ದಾರಿ. ಊರಿನ ಸಿಮ್ ಇಟ್ಟುಕೊಂಡು ರೋಮಿಂಗ್ ಕಟ್ಟುವುದು, ಅಂದರೆ ಅವ್ವ ಮಾಡಿದ ಕರೆಗೂ ಮಗಳು ನಿಮಿಷಕ್ಕಿಷ್ಟು ಎಂದು ತೆರುವುದು. ಇಲ್ಲವೇ ಮಹಾರಾಷ್ಟ್ರದ ಹೊಸ ನಂಬರ್ ಕೊಂಡು ಪರಿಚಯದವರಿಗೆಲ್ಲ ಮತ್ತೆ ತಿಳಿಸುವುದು. ಆ ಹೊಸ ನಂಬರಿಗೆ ಊರಿನಿಂದ ಕರೆ ಮಾಡಲು ಮುಂದೆ ಸೊನ್ನೆ ಒತ್ತಬೇಕು, ಹಳೇ ಫೋನಿನ ಅಜ್ಜ ಅಜ್ಜಿಯರಿಗೆ ಅದೊಂದು ಪಾಠ. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಮಾಡುತ್ತೇವೆ ಎಂಬ ಒಪ್ಪಂದ ಎಷ್ಟೋ ಮನೆಗಳಲ್ಲಿತ್ತು. ಯಾವಾಗಲೋ ಊರಿಗೆ ಮರಳಿದಾಗ ಬೇಕಾಗುತ್ತದೆಂದು ಕರ್ನಾಟಕದ ಸಿಮ್ಮನ್ನು ಜೀವಂತ ಇಡಲು ಆಗಾಗ ರೀಚಾರ್ಜ್ ಮಾಡಿಸುವವರೂ ಇದ್ದರು.

ಪೋರ್ಟಬಿಲಿಟಿ ಅತಿ ಹೆಚ್ಚು ಬೇಕಾಗಿದ್ದದ್ದು ಊರು ಬದಲಿಸುವವರಿಗೆ. ಅವರಿಗೇ ಅದು ಕೊನೆಗೆ ಸಿಕ್ಕಿತು. 2012ರ ರಾಷ್ಟ್ರೀಯ ದೂರಸಂಪರ್ಕ ನೀತಿ ಇಡೀ ದೇಶಕ್ಕೆ ಅನ್ವಯಿಸುವ ಪೋರ್ಟಬಿಲಿಟಿಯ ಮಾತಾಡಿತು. ರೋಮಿಂಗ್‌ನಲ್ಲಿ ಬರುವ ಕರೆಯ ಗರಿಷ್ಠ ದರ 2013ರಲ್ಲಿ 75 ಪೈಸೆಗೆ, 2015ರ ಮೇನಲ್ಲಿ 45 ಪೈಸೆಗೆ ಇಳಿಯಿತು. 2015ರ ಜುಲೈ 3ರಂದು ಬೇಲಿ ಬಿತ್ತು. ಅಂದಿನಿಂದ ಕರ್ನಾಟಕದ ನಂಬರನ್ನು ದೆಹಲಿಯ ಕಂಪನಿಗೆ, ಮುಂಬಯಿಯ ನಂಬರನ್ನು ಮಂಗಳೂರಿಗೆ ಒಯ್ಯಬಹುದು. ನಾಲ್ಕಂಕಿ ನೋಡಿ ಊರು ಹೇಳುವ ವಿದ್ಯೆ ಅಂದಿಗೆ ಮುಗಿಯಿತು. ಇಂದು ಪುಣೆಯ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ 9448 ಕಂಡರೆ ಅದರ ಒಡೆಯರು ಕರ್ನಾಟಕದಲ್ಲಿದ್ದಾರೆಂದು ಅರ್ಥವಲ್ಲ. ಒಂದು ಕಾಲದಲ್ಲಿ ಅಲ್ಲಿ ಸಿಮ್ ಕೊಂಡಿದ್ದರು ಎಂದಷ್ಟೇ ಅರ್ಥ.

ದುರದೃಷ್ಟವೆಂದರೆ, ಎಲ್ಲಿಗೆ ಬೇಕಾದರೂ ಹೋಗಬಹುದೆಂಬ ಅನುಮತಿ ಸಿಕ್ಕ ಹೊತ್ತಿಗೆ ಹೋಗಲು ಇದ್ದ ಜಾಗಗಳೇ ಕಡಿಮೆಯಾದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಕರೆ ಪುಕ್ಕಟೆಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ರಿಲಯನ್ಸ್ ಕಮ್ಯುನಿಕೇಶನ್ಸ್ ಮೊಬೈಲ್ ಸೇವೆ ನಿಲ್ಲಿಸಿತು, ಏರ್‌ಸೆಲ್ ಮುಳುಗಿತು, ಟೆಲಿನಾರ್ ಏರ್‌ಟೆಲ್‌ನೊಳಗೆ ಕರಗಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. 2011ರಲ್ಲಿ ಒಂದು ಡಜನ್‌ನಷ್ಟು ಹೆಸರುಗಳಿದ್ದ ಅಂಗಡಿಯ ಬೋರ್ಡಿನಲ್ಲಿ ಈಗ ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್ಎನ್ಎಲ್.

ಅದೇ ವರ್ಷಗಳಲ್ಲಿ ನಂಬರಿನ ತೂಕವೂ ಬದಲಾಯಿತು. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಯುಪಿಐ ಎಲ್ಲದರ ಒಟಿಪಿ ಬರುವುದು ಆ ಹತ್ತಂಕಿಗೆ. 1998ರಲ್ಲಿ ನಂಬರ್ ಕಳೆದುಕೊಂಡರೆ ಪರಿಚಯದವರು ತಪ್ಪುತ್ತಿದ್ದರು, 2018ರಲ್ಲಿ ಕಳೆದುಕೊಂಡರೆ ತಮ್ಮದೇ ಖಾತೆಯ ಬಾಗಿಲು ತಮಗೆ ತೆರೆಯುವುದಿಲ್ಲ. ಏರ್‌ಸೆಲ್ ಮಳಿಗೆಗಳ ಮುಂದೆ ನಿಂತವರ ಮುಖದಲ್ಲಿದ್ದ ಭಯ ಇದು.

ಆ ಅನುಭವದ ನಂತರ ನಿಯಮ ಬದಲಾಯಿತು. 2019ರ ಡಿಸೆಂಬರ್ 16ರಿಂದ ಪೋರ್ಟ್ ಕೋಡ್ ಕೊಡುವ ಕೆಲಸ ಬಿಟ್ಟುಹೋಗುವ ಕಂಪನಿಯ ಕೈಯಿಂದ ಪಟ್ಟಿ ಇಡುವ ಸಂಸ್ಥೆಯ ಕೈಗೆ ಹೋಯಿತು. ಒಂದೇ ಸರ್ಕಲ್‌ನೊಳಗೆ ಮೂರು ಕೆಲಸದ ದಿನ, ಸರ್ಕಲ್ ದಾಟಿದರೆ ಐದು ದಿನ ಎಂಬ ಗಡುವೂ ಬಂತು. ಆದರೂ ಎಸ್ಎಂಎಸ್ ಕಳಿಸಬೇಕಾದದ್ದು ಹಳೇ ಸಿಮ್ಮಿನಿಂದಲೇ. 2021ರ ಕೊನೆಗೆ ದರ ಏರಿದಾಗ ಕೆಲವು ಕಡಿಮೆ ಬೆಲೆಯ ಪ್ಯಾಕ್‌ಗಳಲ್ಲಿ ಎಸ್ಎಂಎಸ್ ಸೌಲಭ್ಯವೇ ಇರಲಿಲ್ಲ. ಬಿಟ್ಟುಹೋಗಬೇಕಾದರೂ ಮೊದಲು ದೊಡ್ಡ ರೀಚಾರ್ಜ್ ಮಾಡಿಸಿ ಎಂಬಂತಾಯಿತು. ಯಾವ ಪ್ಯಾಕ್ ಇದ್ದರೂ 1900ಕ್ಕೆ ಎಸ್ಎಂಎಸ್ ಹೋಗಲೇಬೇಕು ಎಂದು ಟ್ರಾಯ್ ಆ ಡಿಸೆಂಬರಿನಲ್ಲಿ ಆದೇಶ ಹೊರಡಿಸಬೇಕಾಯಿತು.

2024ರ ಜುಲೈ 1ರಿಂದ ಇನ್ನೊಂದು ನಿಯಮ ಸೇರಿತು. ಸಿಮ್ ಬದಲಿಸಿದ ಏಳು ದಿನದೊಳಗೆ ಪೋರ್ಟ್ ಕೋಡ್ ಕೊಡುವಂತಿಲ್ಲ. ಬೇರೆಯವರ ಹೆಸರಲ್ಲಿ ನಕಲಿ ಸಿಮ್ ತೆಗೆದು, ನಂಬರನ್ನೇ ಎಗರಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಳ್ಳರನ್ನು ತಡೆಯಲು ಇದು. ಎರಡೇ ದಿನಗಳ ಮೇಲೆ, ದೇಶವ್ಯಾಪಿ ಪೋರ್ಟಬಿಲಿಟಿಗೆ ಸರಿಯಾಗಿ ಒಂಬತ್ತು ವರ್ಷ ತುಂಬಿದ ದಿನವೇ, ಜಿಯೋ ಮತ್ತು ಏರ್‌ಟೆಲ್ ದರ ಏರಿಸಿದವು, ಮರುದಿನ ವೊಡಾಫೋನ್ ಐಡಿಯಾ. ಸಿಟ್ಟಾದ ಜನರಿಗೆ ಉಳಿದಿದ್ದ ಬಾಗಿಲು ಬಿಎಸ್ಎನ್ಎಲ್ ಒಂದೇ. ಆ ಒಂದು ತಿಂಗಳಲ್ಲಿ ಅದರ ಗ್ರಾಹಕರ ಸಂಖ್ಯೆ ಸುಮಾರು 29 ಲಕ್ಷ ಹೆಚ್ಚಿತು. ಅದರ 4ಜಿ ಇನ್ನೂ ಬಹುತೇಕ ಕಡೆ ಬಂದಿರಲಿಲ್ಲ. ಸಿಗ್ನಲ್ ಸಿಗದವರು ಮರಳಬೇಕೆಂದರೂ 90 ದಿನ ಕಾಯಬೇಕಿತ್ತು. ಅಕ್ಟೋಬರಿಗೆ ಆ ಗಡುವು ಮುಗಿಯಿತು. ನವೆಂಬರಿನಲ್ಲಿ ಬಿಎಸ್ಎನ್ಎಲ್ ಗ್ರಾಹಕರ ಸಂಖ್ಯೆ ಮತ್ತೆ ಇಳಿಯತೊಡಗಿತು.