ಹಿಡಿದು ನಿಲ್ಲಿಸುವ ವಿದ್ಯೆ: ಪೀಣ್ಯದ ಜಿಗ್ ಮತ್ತು ಫಿಕ್ಸ್ಚರ್‌ಗಳ ಚರಿತ್ರೆ

ಬೆಂಗಳೂರಿನ ಕೈಗಾರಿಕಾ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಗಳನ್ನೂ ಯಂತ್ರಗಳನ್ನೂ ಮುಷ್ಕರಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಯಂತ್ರಗಳ ಮೇಲೆ ಲೋಹದ ತುಂಡನ್ನು ಅಲುಗದಂತೆ ಹಿಡಿದು, ಬೇಕಾದಷ್ಟೇ ಕೋನಕ್ಕೆ ತಿರುಗಿಸಿ ನಿಲ್ಲಿಸುವ ಸಲಕರಣೆಗಳು ಅವರ ಕಣ್ಣಿಗೆ ಬೀಳುವುದು ಕಡಿಮೆ. ಲೇತನ್ನು ಹಣ ಕೊಟ್ಟು ಕೊಳ್ಳಬಹುದು, ಆದರೆ ಒಂದು ನಿರ್ದಿಷ್ಟ ಬಿಡಿಭಾಗವನ್ನು ಅದರ ಮೇಲೆ ಕೂರಿಸುವ ಉಪಾಯವನ್ನು ಕೆಲಸ ಹಿಡಿದವರೇ ಹುಡುಕಿಕೊಳ್ಳಬೇಕು. ಕೈಗಾರಿಕಾ ಪ್ರದೇಶವಾದ ಪೀಣ್ಯದ ಅಂಚಿನ ಲಗ್ಗೆರೆ, ರಾಜಗೋಪಾಲನಗರ, ಅಂದ್ರಹಳ್ಳಿಗಳಲ್ಲಿ ಮನೆಯ ನೆಲಮಹಡಿಯಲ್ಲೋ ತಗಡಿನ ಶೆಡ್ಡಿನಲ್ಲೋ ಎರಡು ಮೂರು ಯಂತ್ರ ಇಟ್ಟುಕೊಂಡವರು ದೊಡ್ಡ ಕಾರ್ಖಾನೆಗಳ ಜಾಬ್ ವರ್ಕ್ ಹಿಡಿಯಲು ಸಾಧ್ಯವಾದದ್ದು ಬಹುಮಟ್ಟಿಗೆ ಈ ಉಪಾಯದ ಬಲದಿಂದ.

ಕಸುಬಿನಲ್ಲಿ ಎರಡು ಸಲಕರಣೆಗಳನ್ನು ಬೇರೆ ಮಾಡಿ ಹೇಳುತ್ತಾರೆ. ಜಾಬನ್ನು, ಅಂದರೆ ಕೆಲಸಕ್ಕೆ ಬಂದ ತುಂಡನ್ನು, ಹಿಡಿಯುವುದರ ಜೊತೆಗೆ ಡ್ರಿಲ್ಲಿಗೂ ದಾರಿ ತೋರಿಸುವುದು ಜಿಗ್. ಹದ ಮಾಡಿ ಗಟ್ಟಿಗೊಳಿಸಿದ ಉಕ್ಕಿನ ಬುಷ್ ಅದರಲ್ಲಿ ಕೂತಿರುವುದರಿಂದ ಡ್ರಿಲ್ ಅತ್ತಿತ್ತ ಸರಿಯುವುದಿಲ್ಲ. ಕೇವಲ ಹಿಡಿದು ನಿಲ್ಲಿಸುವುದು ಫಿಕ್ಸ್ಚರ್. ಎರಡಕ್ಕೂ ತಳಹದಿಯಾದ ನಿಯಮ ಒಂದೇ: ಅಡಿಯಲ್ಲಿ ಮೂರು, ಒಂದು ಮಗ್ಗುಲಲ್ಲಿ ಎರಡು, ಇನ್ನೊಂದು ಮಗ್ಗುಲಲ್ಲಿ ಒಂದು, ಹೀಗೆ ಆರು ಬಿಂದುಗಳಿಗೆ ತುಂಡು ತಾಗಿ ಕೂತರೆ ಅದರ ಜಾಗ ಖಚಿತವಾಗುತ್ತದೆ, ಆಮೇಲೆ ಕ್ಲಾಂಪ್ ಬಿಗಿದರೆ ಸಾಕು.

ಈ ವಿದ್ಯೆ ಬೆಂಗಳೂರಿನಲ್ಲಿ ಬೇರೂರಿದ್ದು ಸರ್ಕಾರಿ ಕಾರ್ಖಾನೆಗಳ ಟೂಲ್ ರೂಮ್‌ಗಳಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಂಥ ಕಡೆ ಜಿಗ್ ಎಂದರೆ ವಿಮಾನದ ರೆಕ್ಕೆಯನ್ನೇ ಹಿಡಿದು ನಿಲ್ಲಿಸುವಷ್ಟು ದೊಡ್ಡ ಚೌಕಟ್ಟು. ಸಣ್ಣ ವರ್ಕ್‌ಶಾಪ್‌ಗಳಿಗೆ ಹತ್ತಿರವಾದ ಪರಂಪರೆ ಮಾತ್ರ ಜಾಲಹಳ್ಳಿಯದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಅಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಲೇತ್‌ಗಳನ್ನು ತಯಾರಿಸುತ್ತಲೇ ಅವನ್ನು ನಡೆಸಬಲ್ಲ ಟರ್ನರ್ ಮತ್ತು ಫಿಟ್ಟರ್‌ಗಳನ್ನೂ ತರಬೇತುಗೊಳಿಸಿತು. 1962ರಲ್ಲಿ ಚೆಕೊಸ್ಲೊವಾಕಿಯದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಸ್ಥೆ ಸಿಎಂಟಿಐ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಬಂದವು. ಮೊದಲನೆಯದು ಸಂಶೋಧನೆಗೆ, ಎರಡನೆಯದು ಟೂಲ್ ಅಂಡ್ ಡೈ ತಯಾರಿಕೆಯ ಶಿಕ್ಷಣಕ್ಕೆ ಮೀಸಲಾಗಿತ್ತು. ಪೀಣ್ಯದ ನಿವೇಶನಗಳಲ್ಲಿ ಎಪ್ಪತ್ತರ ದಶಕದಲ್ಲಿ ಶೆಡ್ಡುಗಳು ಎದ್ದು, 1978ರಲ್ಲಿ ಪೀಣ್ಯ ಕೈಗಾರಿಕಾ ಸಂಘ ಸ್ಥಾಪನೆಯಾಗುವ ಹೊತ್ತಿಗೆ, ಟೂಲ್ ರೂಮಿನ ಕೆಲಸ ಬಲ್ಲ ಒಂದು ತಲೆಮಾರು ಆಗಲೇ ಸಿದ್ಧವಾಗಿತ್ತು.

ಆದರೆ ಕಾರ್ಖಾನೆ ಬಿಟ್ಟು ಸ್ವಂತ ಶೆಡ್ಡಿಗೆ ಬಂದವರ ಕೈಗೆ ಕಾರ್ಖಾನೆಯ ಸಲಕರಣೆಗಳು ಸಿಗಲಿಲ್ಲ. ಇದರ ತೊಡಕು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಇಂಡೆಕ್ಸಿಂಗ್‌ನಲ್ಲಿ, ಅಂದರೆ ಒಂದು ಸುತ್ತನ್ನು ಸಮ ಭಾಗಗಳಾಗಿ ಹಂಚುವ ಕೆಲಸದಲ್ಲಿ. ಇದಕ್ಕೆಂದೇ ಇರುವ ಡಿವೈಡಿಂಗ್ ಹೆಡ್ ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರದೊಂದಿಗೆ ಹೆಸರಾಯಿತು. ಇದರ ಸಾಮಾನ್ಯ ಮಾದರಿಯಲ್ಲಿ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ತಿರುಗುತ್ತದೆ. ಏಳು ಹಲ್ಲು ಕೊರೆಯಬೇಕಾದರೆ 40ನ್ನು 7ರಿಂದ ಭಾಗಿಸಬೇಕು. ಐದು ಪೂರ್ಣ ಸುತ್ತು, ಮೇಲೆ ಏಳರಲ್ಲಿ ಐದು ಪಾಲು ಉಳಿಯುತ್ತದೆ, ಅದನ್ನು ಹಿಡಿಕೆಯ ಹಿಂದಿನ ತೂತಿನ ಬಿಲ್ಲೆಯಲ್ಲಿರುವ 21 ತೂತುಗಳ ವೃತ್ತದಲ್ಲಿ 15 ತೂತು ಮುಂದೆ ಸರಿದು ಪಡೆಯುತ್ತಾರೆ. ಐಟಿಐ ಹುಡುಗರು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಲೆಕ್ಕ ಸರಳವೇ. ಸಲಕರಣೆಯ ಬೆಲೆ ಮಾತ್ರ ಸಣ್ಣ ಶೆಡ್ಡಿಗೆ ಭಾರ.

ಆದ್ದರಿಂದ ಅಲ್ಲಿ ಬೇರೆ ದಾರಿಗಳು ಬಳಕೆಗೆ ಬಂದವು. ಲೇತಿನ ಜೊತೆಯಲ್ಲೇ ಬರುವ ಚೇಂಜ್ ಗೇರುಗಳಲ್ಲಿ 60 ಹಲ್ಲಿನದನ್ನು ಸ್ಪಿಂಡಲಿನ ಹಿಂಬದಿಗೆ ಬಿಗಿದು, ಸ್ಪ್ರಿಂಗ್ ಹಾಕಿದ ಒಂದು ಪಿನ್ನು ಹಲ್ಲಿನ ಸಂದಿಗೆ ಬೀಳುವಂತೆ ಮಾಡಿದರೆ, ಎರಡು, ಮೂರು, ನಾಲ್ಕು, ಐದು, ಆರು, ಹತ್ತು, ಹನ್ನೆರಡು ಭಾಗಗಳು ಖರ್ಚಿಲ್ಲದೆ ದೊರೆಯುತ್ತವೆ. ಏಳು ಬೇಕೆಂದರೆ 35 ಅಥವಾ 63 ಹಲ್ಲಿನ ಗೇರು ಹುಡುಕಬೇಕು. ಚೌಕ ಅಥವಾ ಆರು ಮೂಲೆಯ ಉಕ್ಕಿನ ತುಂಡಿಗೆ ನಡುವೆ ತೂತು ಕೊರೆದು, ಅದರೊಳಗೆ ಜಾಬನ್ನು ಬಿಗಿದು, ವೈಸಿನಲ್ಲಿ ಮಗ್ಗುಲಿಂದ ಮಗ್ಗುಲಿಗೆ ತಿರುಗಿಸುವುದು ಇನ್ನೂ ಸರಳವಾದ ಉಪಾಯ.

ಗೇರಿನ ಬದಲು ಸಮ ಅಂತರದಲ್ಲಿ ತೂತು ಕೊರೆದ ಬಿಲ್ಲೆಯನ್ನೂ ಶೆಡ್ಡಿನಲ್ಲೇ ಮಾಡಿಕೊಳ್ಳಬಹುದು. ಹೀಗೆ ಸ್ವತಃ ಮಾಡಿಕೊಂಡ ಬಿಲ್ಲೆಯಲ್ಲಿ ನಿಖರತೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರ ಗಾತ್ರದಲ್ಲಿದೆ. 200 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಒಂದು ತೂತು 0.1 ಮಿಲಿಮೀಟರ್ ಸರಿದಿದ್ದರೂ, 40 ಮಿಲಿಮೀಟರ್ ವ್ಯಾಸದ ಜಾಬಿನ ಮೇಲೆ ಆ ದೋಷ 0.02 ಮಿಲಿಮೀಟರಿಗೆ ಇಳಿಯುತ್ತದೆ. ಬಿಲ್ಲೆ ದೊಡ್ಡದಾದಷ್ಟೂ ತಪ್ಪು ಚಿಕ್ಕದಾಗುತ್ತದೆ ಎಂಬ ಈ ತಿಳಿವಳಿಕೆಯೇ ಹಳೆಯ ಯಂತ್ರದಿಂದಲೂ ಒಪ್ಪುವಂಥ ಕೆಲಸ ತೆಗೆಯಲು ಅನುವು ಮಾಡಿಕೊಡುತ್ತದೆ. ಹೊಸ ಕೆಲಸಗಾರನು ತುಂಡನ್ನು ತಿರುಗುಮುರುಗಾಗಿ ಕೂರಿಸಿ ಕೆಡಿಸಬಾರದೆಂದು ಫಿಕ್ಸ್ಚರಿನ ಒಂದು ಪಿನ್ನನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ಇಡುವ ಜಾಣ್ಮೆಯೂ ಇದೇ ಪರಂಪರೆಗೆ ಸೇರಿದ್ದು.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳು, ಬಂದಮೇಲೆ ಚಿತ್ರ ಬದಲಾಯಿತು. 1979ರಲ್ಲಿ ಆರಂಭವಾದ, ಪೀಣ್ಯದ ಏಸ್ ಡಿಸೈನರ್ಸ್‌ನಂಥ ಕಂಪನಿಗಳು ಸಿಎನ್‌ಸಿ ಲೇತ್‌ಗಳನ್ನು ತಯಾರಿಸತೊಡಗಿದವು, ಜಾಬನ್ನು ತಿರುಗಿಸುವ ನಾಲ್ಕನೆಯ ಅಕ್ಷವುಳ್ಳ ಯಂತ್ರಗಳಲ್ಲಿ ಕೋನದ ಲೆಕ್ಕವನ್ನು ಪ್ರೋಗ್ರಾಮೇ ವಹಿಸಿಕೊಂಡಿತು, ಡಿವೈಡಿಂಗ್ ಹೆಡ್ ಮೂಲೆಗೆ ಸರಿಯಿತು. ನಗರದ ಇನ್ನೊಂದು ಅಂಚಿನಲ್ಲಿ, ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಬೇಕಾಗುವ ಜಿಗ್ ಬೇರೆಯದೇ ಬಗೆಯದು: ಸರ್ಕ್ಯೂಟ್ ಬೋರ್ಡನ್ನು ಹಿಡಿದು ಸ್ಪ್ರಿಂಗ್ ಮುಳ್ಳುಗಳಿಂದ ಪರೀಕ್ಷಿಸುವಂಥದು. ಹಿಡಿಯುವ ಸಮಸ್ಯೆಯನ್ನು ಮಾತ್ರ ಯಾವ ಪ್ರೋಗ್ರಾಮೂ ನೀಗಲಿಲ್ಲ. ತೆಳು ಗೋಡೆಯ ತುಂಡು ನಜ್ಜಾಗದಂತೆ ಚಕ್ಕಿನ ಸಾಫ್ಟ್ ಜಾಗಳನ್ನು, ಅಂದರೆ ಮೆದು ದವಡೆಗಳನ್ನು, ಜಾಬಿನ ಅಳತೆಗೆ ಬೋರ್ ಮಾಡಿಕೊಳ್ಳುವ ಕೆಲಸ ಇಂದಿಗೂ ಆಪರೇಟರಿನ ಪಾಲಿನದೇ.

ಯಂತ್ರಗಳಿಗೆ ಕ್ಯಾಟಲಾಗ್ ಇದೆ, ಡ್ರಾಯಿಂಗ್ ಇದೆ. ಆರ್ಡರ್ ಮುಗಿದ ಫಿಕ್ಸ್ಚರ್ ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಅದನ್ನು ಮಾರುವ ಮುನ್ನ ಯಾವ ಜಾಬಿಗೆ, ಯಾವ ವರ್ಷ, ಯಾರು ಮಾಡಿದ್ದು ಎಂದು ಬರೆದು ಒಂದು ಫೋಟೊ ತೆಗೆದಿಟ್ಟರೆ, ಈ ಕಸುಬಿನ ಚರಿತ್ರೆ ಬರೆಯಲು ಬೇಕಾದ ಮೊದಲ ದಾಖಲೆ ಅದೇ ಆಗುತ್ತದೆ.