ಫೋಟೋದ ಬೆನ್ನ ಮೇಲಿನ ಬರಹ

ಹಂಪಿಯ ಕಲ್ಲಿನ ರಥವನ್ನು ಖುದ್ದಾಗಿ ನೋಡದವರೂ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ ನೋಡಿರುತ್ತಾರೆ. ಆದರೆ ಆ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವೂ ಇತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಆ ಶಿಖರವನ್ನು ಈಗ ನೋಡಬೇಕಾದರೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ 1856ರಲ್ಲಿ ತೆಗೆದ ಫೋಟೋವನ್ನೇ ನೋಡಬೇಕು. ಫೋಟೋ ತೆಗೆಯುವುದು ಆತನ ಕಸುಬಲ್ಲ, ಹವ್ಯಾಸ.

ಅಂದಿನ ಹವ್ಯಾಸವೇನೂ ಸುಲಭದ್ದಲ್ಲ. ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣಗಳಲ್ಲಿ ಅದ್ದಿ ಒಣಗಿಸಿ, ದೊಡ್ಡ ಕ್ಯಾಮರಾದೊಳಗಿಟ್ಟು ನಿಮಿಷಗಟ್ಟಲೆ ಕಾಯಬೇಕು. ಬೆಂಗಳೂರಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಇನ್ನೊಬ್ಬ ಅಧಿಕಾರಿ 1854ರ ಡಿಸೆಂಬರ್‌ನಲ್ಲಿ ಈ ಸರಂಜಾಮು ಹೊತ್ತು ಹಳೇಬೀಡು, ಬೇಲೂರುಗಳಿಗೆ ಹೋದ. ಹೀಗೆ ತೆಗೆದ ಚಿತ್ರಗಳನ್ನು ಇವರ್‍ಯಾರೂ ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರಲಿಲ್ಲ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಫೋಟೋಗಳನ್ನಿಟ್ಟು ಪದಕ ಪಡೆದ. ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತೆ ಮತ್ತು ಮದ್ರಾಸುಗಳಲ್ಲಿ 1856ರಲ್ಲಿ ಫೋಟೋಗ್ರಫಿ ಸಂಘಗಳು ಹುಟ್ಟಿದವು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಹೊರಬಂತು. ಅದಕ್ಕೆ ಬರೆದವರಲ್ಲೊಬ್ಬ ನಮ್ಮ ಸುರಪುರದ ಕಥೆಯಲ್ಲಿ ಬರುವ ಮೆಡೋಸ್ ಟೇಲರ್. ಫೋಟೋ ಕೊಟ್ಟವರಲ್ಲೊಬ್ಬ ಸೈನ್ಯದ ವೈದ್ಯ ಆಂಡ್ರ್ಯೂ ಚಾರ್ಲ್ಸ್ ಬ್ರಿಸ್ಬೇನ್ ನೀಲ್. ಹೆಸರಿನಲ್ಲೇ ನಮ್ಮ ಊರಿರುವುದು ಕೇವಲ ಕಾಕತಾಳೀಯ!

ಆಸ್ಟ್ರೇಲಿಯಾದ ನಿಜವಾದ ನಂಟು ಬೇರೆಯೇ ಇದೆ. ಮೆಲ್ಬರ್ನ್‌ನ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಹೋಗಿ, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೋ ತೆಗೆದರು. ಎರಡೂ ಚಿತ್ರಗಳನ್ನು ಜೊತೆಗಿಟ್ಟ ಪುಸ್ತಕ 2008ರಲ್ಲಿ ಜಾರ್ಜ್ ಮಿಷೆಲ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. 127 ವರ್ಷಗಳಲ್ಲಿ ಏನು ಉಳಿಯಿತು, ಏನು ಬಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಗ್ರೀನ್‌ಲಾನ ಚಿತ್ರ ಎಲ್ಲಿಯದು, ಯಾವ ವರ್ಷದ್ದು ಎಂಬುದು ಗೊತ್ತಿದ್ದುದರಿಂದಲೇ ಈ ಹೋಲಿಕೆಗೆ ಅರ್ಥ ಬಂದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಈ ಹವ್ಯಾಸ ನಮ್ಮವರದೇ ಆಯಿತು. ಬೆಂಗಳೂರಿನ ಡಾ. ಜಿ. ಥಾಮಸ್ ಚಿತ್ರಗಳನ್ನು ತೆಗೆದದ್ದಲ್ಲದೆ ಭಾರತದ ಛಾಯಾಗ್ರಹಣದ ಇತಿಹಾಸವನ್ನೂ ಬರೆದರು. 1971ರಲ್ಲಿ ಅಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಟಿ.ಎನ್.ಎ. ಪೆರುಮಾಳ್ ಅವರ ಕಾಡಿನ ಚಿತ್ರಗಳು, ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳು ದೇಶ-ವಿದೇಶಗಳಲ್ಲಿ ಮನ್ನಣೆ ಪಡೆದವು. ಸಲೋನ್ ಎಂದು ಕರೆಯುವ ಸ್ಪರ್ಧೆ-ಪ್ರದರ್ಶನಗಳಿಗೆ ಪ್ರಿಂಟುಗಳನ್ನು ಅಂಚೆಯಲ್ಲೇ ಕಳಿಸಬೇಕಿತ್ತು. ಪ್ರಿಂಟಿನ ಬೆನ್ನಿಗೆ ತೆಗೆದವರ ಹೆಸರು, ಚಿತ್ರದ ಶೀರ್ಷಿಕೆ ಕಡ್ಡಾಯ. ಆಯ್ಕೆಯಾದರೆ ಸಲೋನಿನ ಚೀಟಿಯೂ ಅಲ್ಲೇ ಅಂಟಿಕೊಳ್ಳುತ್ತಿತ್ತು. ಹಲವು ಊರು ಸುತ್ತಿ ಬಂದ ಪ್ರಿಂಟನ್ನು ತಿರುಗಿಸಿದರೆ ಅದರ ಜಾತಕವೇ ಸಿಗುತ್ತಿತ್ತು.

2004ರ ಫೆಬ್ರವರಿಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಫ್ಲಿಕರ್ ಹುಟ್ಟಿದ ಮೇಲೆ ಅಂಚೆಯ ಖರ್ಚೂ ಕಾಯುವಿಕೆಯೂ ತಪ್ಪಿತು. ಬೆಳಿಗ್ಗೆ ತೆಗೆದ ಚಿತ್ರವನ್ನು ಸಂಜೆಯೊಳಗೆ ಅಪರಿಚಿತರೂ ಮೆಚ್ಚುವಂತಾಯಿತು. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹಳೆಯ ಫೋಟೋಗಳನ್ನು ಅಲ್ಲಿಟ್ಟಾಗ, ನೋಡಿದ ಜನರೇ ಊರು, ಕಟ್ಟಡ, ವ್ಯಕ್ತಿಗಳನ್ನು ಗುರುತಿಸಿ ಹೇಳಿದರು. ಆದರೆ ಈ ಮನೆಗಳೆಲ್ಲ ಬಾಡಿಗೆ ಮನೆಗಳು. ಆರ್ಕುಟ್ 2014ರಲ್ಲಿ ಮುಚ್ಚಿತು, ಪಿಕಾಸಾ 2016ರಲ್ಲಿ. 2018ರಲ್ಲಿ ಒಡೆತನ ಬದಲಾದ ಫ್ಲಿಕರ್, ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಹಾಕಿತು.

ನಮ್ಮ ಮನೆಗಳಲ್ಲಿ ಆಗುತ್ತಿರುವ ನಷ್ಟ ಮಾತ್ರ ಇದಕ್ಕಿಂತ ಸದ್ದಿಲ್ಲದ್ದು. ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಅವುಗಳಿಗಿರುವ ಹೆಸರು ಕ್ಯಾಮರಾ ಕೊಟ್ಟ ಅಂಕಿ ಮಾತ್ರ. ಊರಿನ ಜಗಲಿಯಲ್ಲಿ ಸಾಲಾಗಿ ಕೂತ ಹಿರಿಯರ ಫೋಟೋವನ್ನು ಸನ್ನಿಬ್ಯಾಂಕಿನಲ್ಲಿ ಬೆಳೆದ ಮೊಮ್ಮಗಳು ಮುಂದೊಂದು ದಿನ ತೆರೆದರೆ, ಎಡದಿಂದ ಮೂರನೆಯವರು ಯಾರೆಂದು ಹೇಳುವವರು ಯಾರು?

ಕೆಲಸ ದೊಡ್ಡದೇನಲ್ಲ. ಹಳೆಯ ಪ್ರಿಂಟಾದರೆ ಬೆನ್ನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಊರು, ವರ್ಷ, ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದಿಡಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಗುರುತು ಮುಂಬದಿಗೂ ಮೂಡುತ್ತದೆ. ಡಿಜಿಟಲ್ ಆದರೆ ಅದೇ ವಿವರವನ್ನು ಕನ್ನಡದಲ್ಲೇ ಟೈಪಿಸಿ, ಎರಡು ಕಡೆ ಪ್ರತಿ ಇಡಿ. ಗುಡಿ, ಕೆರೆ, ಜಾತ್ರೆಯ ಚಿತ್ರಗಳಿದ್ದರೆ ವಿಕಿಮೀಡಿಯಾ ಕಾಮನ್ಸ್‌ಗೂ ಕೊಡಬಹುದು. ಮುಕ್ತವಾಗಿ ಬಳಸಲು ನೀವು ಒಪ್ಪಿ ಕೊಡಬೇಕು, ಅಷ್ಟೆ. ರಥದ ಮೇಲಿನ ಶಿಖರ ಇಲ್ಲವಾಗುತ್ತದೆಂದು ಗ್ರೀನ್‌ಲಾನಿಗೆ ಗೊತ್ತಿರಲಿಲ್ಲ. ನಮ್ಮ ಚಿತ್ರಗಳಲ್ಲಿ ಯಾವುದು ನಾಳೆಗೆ ಬೇಕಾಗುತ್ತದೋ ನಮಗೂ ಗೊತ್ತಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹಳೆಯ ಆಲ್ಬಮ್ ತೆಗೆಸಿ, ಹೆಸರು ಹೇಳಬಲ್ಲ ಹಿರಿಯರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತುಬನ್ನಿ.