ಉಡಿಯ ಅರಿವೆ, ಕೌದಿಯ ಚೌಕ

ದೀಪಾವಳಿ ಕಳೆಯುವ ಹೊತ್ತಿಗೆ ದೇವದುರ್ಗ ತಾಲ್ಲೂಕಿನ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಂಗಸರ ಸಾಲು ಕಾಣುತ್ತದೆ. ಒಬ್ಬೊಬ್ಬಳ ಸೊಂಟಕ್ಕೂ ಹಳೆ ಸೀರೆಯದೊಂದು ತುಂಡು. ಅದರ ಕೆಳತುದಿಯನ್ನು ಮೇಲೆತ್ತಿ ಕಟ್ಟಿದರೆ ಜೋಳಿಗೆಯಂಥ ಉಡಿ. ಎರಡೂ ಕೈಯಿಂದ ಹತ್ತಿ ಬಿಡಿಸಿ ಉಡಿಗೆ ತುಂಬುತ್ತ ಸಾಲಿನ ಕೊನೆ ಮುಟ್ಟುವಾಗ ಹೊಟ್ಟೆ ದಿನ ತುಂಬಿದ ಬಸುರಿಯಂತೆ ಮುಂದೆ ಬಂದಿರುತ್ತದೆ. ಮನೆಗೆ ಹೋಗಿ ಒಲೆ ಮುಂದೆ ಕೂತರೆ ಇದೇ ಹೆಂಗಸಿಗೆ ಬೇರೆ ಏಪ್ರನ್ ಬೇಕಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಆಯಿತು. ಕೈ ಒರೆಸುವುದಕ್ಕೂ ಬಿಸಿ ಪಾತ್ರೆ ಇಳಿಸುವುದಕ್ಕೂ ಅದೇ.

ಉಡಿಯ ಅರಿವೆ ಎರಡು ಮೂರು ಸುಗ್ಗಿಗೆ ಹರಿಯುತ್ತದೆ. ಹರಿದದ್ದನ್ನು ಯಾರೂ ಎಸೆಯುತ್ತಿರಲಿಲ್ಲ. ಗಂಟಿನಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು, ಕೌದಿಗೆ, ಅಂದರೆ ಹಳೆ ಅರಿವೆಗಳನ್ನು ಪದರ ಹಾಕಿ ಹೊಲಿಯುವ ಹೊದಿಕೆಗೆ, ಬೇಕು ಎಂದು.

ಈಗ ಮೊಬೈಲಿನಲ್ಲಿ ಕ್ರೋಶಾ ಕಲಿಯುವವರ ನಡುವೆ ಬಣ್ಣಬಣ್ಣದ ಚೌಕಗಳನ್ನು ಜೋಡಿಸಿ ಏಪ್ರನ್ ಮಾಡುವ ಶೋಕಿ ಬಂದಿದೆ. ಆ ಚೌಕಕ್ಕೆ ಇಂಗ್ಲಿಷಿನಲ್ಲಿ ‘ಗ್ರ್ಯಾನಿ ಸ್ಕ್ವೇರ್’ ಎಂದು ಹೆಸರು, ಅಂದರೆ ಅಜ್ಜಿಯ ಚೌಕ. ನಡುವೆ ನಾಲ್ಕಾರು ಕೊಂಡಿಗಳ ಒಂದು ಬಳೆ, ಅದರ ಸುತ್ತ ಮೂರು ಮೂರು ಹೆಣಿಕೆಯ ಗೊಂಚಲು, ಮೂಲೆ ಬಂದಲ್ಲಿ ಎರಡು ಗೊಂಚಲು. ಸುತ್ತು ಮುಗಿದಂತೆ ದಾರದ ಬಣ್ಣ ಬದಲಾಗುತ್ತದೆ. 1885ರಲ್ಲಿ ಅಮೆರಿಕದ ‘ಪ್ರೇರೀ ಫಾರ್ಮರ್’ ಎಂಬ ರೈತಪತ್ರಿಕೆಯಲ್ಲಿ ಇಂಥ ಚೌಕದ ವಿವರ ಅಚ್ಚಾಯಿತು. ಒಂದು ಸುತ್ತಿಗೆ ಬೇಕಾದದ್ದು ಸ್ವಲ್ಪವೇ ದಾರ. ಸ್ವೆಟರಿಗೆ ಸಾಲದೆ ಉಳಿದ ಉಲ್ಲನ್ ತುಣುಕೂ ಅದಕ್ಕೆ ಸಾಕು. ಚೌಕ ಹುಟ್ಟಿದ್ದು ಚೆಂದಕ್ಕಲ್ಲ, ಉಳಿಕೆಯ ಲೆಕ್ಕಕ್ಕೆ. ಉಲ್ಲನ್ ಏಪ್ರನ್ ಕಟ್ಟಿಕೊಂಡು ಏಪ್ರಿಲಿನಲ್ಲಿ ರಾಯಚೂರಿನ ಅಡುಗೆಮನೆಯಲ್ಲಿ ನಿಲ್ಲುವ ಧೈರ್ಯ ಯಾರಿಗಿದೆಯೋ ಗೊತ್ತಿಲ್ಲ. ಆದರೆ ಆ ಲೆಕ್ಕ ಮಾತ್ರ ರಾಯಚೂರು, ಮಾನ್ವಿ, ದೇವದುರ್ಗದ ಹೆಂಗಸರಿಗೆ ಹೊಸದೇನಲ್ಲ. ಅವರ ಅಜ್ಜಿಯ ಚೌಕದ ಹೆಸರು ಕೌದಿ.

ವಿಚಿತ್ರವೆಂದರೆ ಇದು ಹತ್ತಿಯ ನಾಡು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬದಲ್ಲಿ ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗೆ. ಎರಡಕ್ಕೂ ಪೇಟೆ ರಾಯಚೂರು. ಇಷ್ಟು ಹತ್ತಿ ಬೆಳೆಯುವ ಊರುಗಳಲ್ಲಿ ಹೊದೆಯಲು ಹಳೆ ಅರಿವೆಯೇ ಯಾಕೆ?

ಅದಕ್ಕೆ ಉತ್ತರ ಹುಡುಕುವ ಮುಂಚೆ ಒಂದು ವಿಷಯ: ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಹೊಲಿಯುವ ವಿದ್ಯೆ ಇಲ್ಲಿನ ನೆಲ ಕಂಡದ್ದು ಹಳೆಯ ಮಾತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಬಿಜಾಪುರದ ಆದಿಲಶಾಹನ ಮೇಲೆ ದಂಡೆತ್ತಿ ಬಂದ. ಆ ದಂಡಿನ ವಿವರ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್. ಬಿಲ್ಲಾಳುಗಳೂ ಕೋವಿಯವರೂ ಒತ್ತಾಗಿ ಹೊಲಿದ ದಪ್ಪ ಅಂಗಿ ತೊಟ್ಟಿದ್ದರೆಂದು ಅವನು ಹೇಳುತ್ತಾನೆ. ಕಬ್ಬಿಣದ ಕವಚ ಎಲ್ಲರಿಗೂ ಎಟಕುವಂಥದ್ದಲ್ಲ. ಪದರ ಹಾಕಿ ಹೊಲಿದ ಬಟ್ಟೆ ಬಾಣದ ಪೆಟ್ಟನ್ನು ಅಷ್ಟಿಷ್ಟು ತಡೆಯುತ್ತಿತ್ತು. ಆ ಅಂಗಿಯಿಂದಲೇ ಕೌದಿ ಬಂತು ಎಂದು ವಂಶಾವಳಿ ಕಟ್ಟುವುದು ಸರಿಯಲ್ಲ. ಆದರೂ ನಾಲ್ಕಾರು ಪದರವನ್ನು ಒಂದೇ ದಾರದಲ್ಲಿ ಬಿಗಿದರೆ ಎಂಥ ಗಟ್ಟಿ ವಸ್ತು ಆಗುತ್ತದೆಂಬುದು 500 ವರ್ಷದ ಹಿಂದೆಯೇ ಈ ಬಯಲಿಗೆ ತಿಳಿದಿತ್ತು.

ಇನ್ನು ಹಳೆ ಅರಿವೆಯ ಪ್ರಶ್ನೆ. ಬೆಳೆದ ಹತ್ತಿ ಇಲ್ಲೇ ನಿಲ್ಲುತ್ತಿರಲಿಲ್ಲ. ಅದು ಹೊರಗೆ ಹೋಗುವ ದಾರಿ ಅಗಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ದಖ್ಖನಿನ ಕರಿಮಣ್ಣಿನ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಇಳಿಯಿತು, ಬೇಸಾಯ ಉಳಿಯಿತು. 1871ರಲ್ಲಿ ಮುಂಬಯಿಯಿಂದ ಬಂದ ರೈಲುಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ಕೂಡಿದ್ದು ರಾಯಚೂರಿನಲ್ಲೇ. ನಿಜಾಮನ ರಾಜ್ಯದ ಅಂಚಿನ ಊರು ಒಮ್ಮೆಗೇ ಎರಡು ಬಂದರುಗಳ ನಡುವಿನ ಕೊಂಡಿಯಾಯಿತು. ಜಿನ್ನಿಂಗ್ ಮಿಲ್ಲು, ಅಡತಿ ಅಂಗಡಿ, ದಲ್ಲಾಳಿ ಎಲ್ಲ ಬಂದವು. ಇಂದಿಗೂ ಸುಗ್ಗಿಯಲ್ಲಿ ರಾಜೇಂದ್ರ ಗಂಜಿನ ಮುಂದೆ ಹತ್ತಿಯ ಗಾಡಿಗಳು ಸಾಲುಗಟ್ಟುತ್ತವೆ. ಹೊಲದಿಂದ ಉಡಿಗೆ, ಉಡಿಯಿಂದ ಅಂಡಿಗೆಗೆ, ಅಂಡಿಗೆಯಿಂದ ಗಂಜಿಗೆ, ಅಲ್ಲಿಂದ ಎಲ್ಲಿಗೋ. ಬಿಡಿಸಿದವಳ ಮನೆಗೆ ಹತ್ತಿ ತಿರುಗಿ ಬರುತ್ತಿದ್ದದ್ದು ದುಡ್ಡು ಕೊಟ್ಟು ಕೊಂಡ ಸೀರೆಯಾಗಿ. ಅದನ್ನು ಮೂರು ಬಾರಿ ಬಳಸಬೇಕಾಗಿತ್ತು: ಮೊದಲು ಉಡಲು, ಆಮೇಲೆ ಉಡಿ ಕಟ್ಟಲು, ಕೊನೆಗೆ ಹೊದೆಯಲು.

ಕೌದಿ ಹೊಲಿಯುವುದು ಬೇಸಿಗೆಯ ಕೆಲಸ. ಹೊಲದಲ್ಲಿ ಕೆಲಸ ಇರುವುದಿಲ್ಲ, ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಪಡಸಾಲೆ ಸಾರಿಸಿ ಒಣಗಿಸಿ ಮೊದಲು ಒಂದು ಇಡೀ ಸೀರೆಯನ್ನೋ ಧೋತರವನ್ನೋ ಹಾಸುತ್ತಾರೆ. ಅದು ಕೌದಿಯ ಬೆನ್ನು. ಸುಕ್ಕಾಗದಂತೆ ನಾಲ್ಕು ಮೂಲೆಗೆ ಕಲ್ಲು ಇಡುತ್ತಾರೆ. ಮೇಲೆ ತೀರ ಜೀರ್ಣವಾದ ಅರಿವೆಗಳ ಪದರ, ಹೊಟ್ಟೆಗೆ. ಎಲ್ಲಕ್ಕೂ ಮೇಲೆ ಕಣ್ಣಿಗೆ ಕಾಣುವ ತುಂಡುಗಳು. ಇಳಕಲ್ಲ ಸೀರೆ ಇಲ್ಲಿಂದ ದೂರದ್ದಲ್ಲ, ಹೀಗಾಗಿ ಅದರ ಕೆಂಪು ಬಿಳಿ ಟೋಪ ತೆನಿ ಸೆರಗಿಗೆ ನಡುವಿನ ಚೌಕದ ಮಾನ. ಹರಿಯದೆ ಉಳಿದ ಗೋಮಿ ದಡಿ, ಗಾಡಿ ದಡಿಗಳು ಸುತ್ತಲಿನ ಅಂಚಿಗೆ. ಗುಳೇದಗುಡ್ಡದ ಖಣದ ಕುಪ್ಪಸ ಬಿಚ್ಚಿದರೆ ಸಿಗುವುದು ಅಂಗೈಯಗಲದ ಮುಕ್ಕೋನಗಳು, ಅವು ಮೂಲೆಗೆ. ತುಂಡಿನ ಅಂಚನ್ನು ಒಳಗೆ ಮಡಚಿ ಬೆರಳಿನಿಂದ ತೀಡಿ ಕೂರಿಸಬೇಕು, ಇಲ್ಲದಿದ್ದರೆ ಒಂದೇ ಒಗೆತಕ್ಕೆ ಎಳೆ ಬಿಡುತ್ತದೆ.

ಆಮೇಲೆ ಟಾಕಿ. ಸೂಜಿ ಅಂಚಿನ ಒಂದು ಮೂಲೆಯಲ್ಲಿ ಇಳಿದು, ಅಕ್ಕಿಕಾಳಿನಷ್ಟು ನಡೆದು, ಮತ್ತೆ ಇಳಿಯುತ್ತದೆ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಒಂದು ಬೆರಳು ಒಳಗೆ ಸರಿದು ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ದಾರ ನಡುವಿಗೆ ಬಂದು ನಿಲ್ಲುತ್ತದೆ. ಕ್ರೋಶಾದ ಚೌಕ ನಡುವಿನಿಂದ ಹೊರಕ್ಕೆ ಬೆಳೆದರೆ ಕೌದಿ ಹೊರಗಿನಿಂದ ನಡುವಿಗೆ ಬರುತ್ತದೆ. ಎರಡರಲ್ಲೂ ಕೈಯ ಪರೀಕ್ಷೆ ಮೂಲೆಯಲ್ಲೇ. ಮೂಲೆ ಬಿಗಿಯಾದರೆ ಮಗ್ಗುಲು ಸುಕ್ಕುತ್ತದೆ, ಸಡಿಲಾದರೆ ಜೋಲುತ್ತದೆ.

ಒಬ್ಬಳೇ ಕೂತರೆ ತಿಂಗಳು ಹಿಡಿಯುವ ಕೆಲಸ ನಾಲ್ಕು ಜನ ಸುತ್ತ ಕೂತರೆ ವಾರದಲ್ಲಿ ಮುಗಿಯುತ್ತದೆ. ಊರಿನ ಸುದ್ದಿ, ಸೊಸೆಯ ದೂರು, ಹಾಡು ಎಲ್ಲವೂ ಟಾಕಿಯ ಜೊತೆಗೇ ಸಾಗುತ್ತವೆ. ಮನೆಯಲ್ಲಿ ಕೈ ಸಾಲದಿದ್ದರೆ ಊರೂರು ತಿರುಗಿ ಹೊಲಿದುಕೊಡುವವರು ಇದ್ದರು. ಉತ್ತರ ಕರ್ನಾಟಕದಲ್ಲಿ ಗೊಂದಲಿಗರ ಹೆಂಗಸರು ಈ ಕೆಲಸಕ್ಕೆ ಹೆಸರಾದವರು. ಗಂಡಸರು ರಾತ್ರಿಯೆಲ್ಲ ಸಂಬಾಳ ಬಾರಿಸಿ ಅಂಬಾಭವಾನಿಯ ಗೊಂದಲ ಹಾಕಿದರೆ ಹೆಂಗಸರು ಹಗಲು ಕೌದಿ ಹಾಕುತ್ತಿದ್ದರು. ದೇವಿಯ ಕತೆ ಹೇಳಿದವರ ಹೆಸರು ಜಾನಪದದ ಪುಸ್ತಕಗಳಲ್ಲಿ ಸಿಗುತ್ತದೆ. ಸೂಜಿ ಹಿಡಿದವರ ಹೆಸರು ಹುಡುಕಿ ನೋಡಿ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಆ ಭಾಗ್ಯ ಸ್ವಲ್ಪ ಒಲಿಯಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳನ್ನು ಅಭ್ಯಾಸ ಮಾಡಿ ಬರೆದ ಮೇಲೆ ಅವು ವಿದೇಶದ ಪ್ರದರ್ಶನಗಳ ಗೋಡೆ ಏರಿದವು. ಸಿದ್ದಿಯರು ನಾಲ್ಕು ಮೂಲೆಗೂ ಮಡಚಿದ ಮುಕ್ಕೋನಗಳ ‘ಫೂಲ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ರಾಯಚೂರು ಸೀಮೆಯ ಕೌದಿ ಗೋಡೆ ಏರಲಿಲ್ಲ, ಹೊರಸಿನ ಮೇಲೇ ಉಳಿಯಿತು.

ಹೊರಸಿನ ಮೇಲಷ್ಟೇ ಅಲ್ಲ, ತೊಟ್ಟಿಲಲ್ಲೂ. ಹುಟ್ಟಿದ ಕೂಸಿಗೆ ಹೊಸ ಅರಿವೆಗಿಂತ ಅಜ್ಜಿಯ ಸೀರೆಯೇ ಮೇಲು: ನೂರು ಸಲ ಒಗೆದ ನೂಲು ಮೈಗೆ ಚುಚ್ಚುವುದಿಲ್ಲ. ಅದೇ ತುಂಡುಗಳಲ್ಲಿ ಕೂಸಿನ ತಲೆಗೆ ಕುಂಚಿಗೆ, ಕಾರಹುಣ್ಣಿಮೆಯ ಮೆರವಣಿಗೆಗೆ ಎತ್ತಿನ ಬೆನ್ನ ಮೇಲೆ ಝೂಲ. ತಾಂಡಾಗಳ ಲಂಬಾಣಿ ಹೆಂಗಸರು ಚೌಕಕ್ಕೆ ಕನ್ನಡಿ, ಕವಡೆ ಸೇರಿಸಿ ಬೇರೆಯದೇ ಲೋಕ ಕಟ್ಟಿದರು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಅಂಥ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಲಾಯಿತು.

ಕ್ರೋಶಾ ಕಡ್ಡಿಯ ದಾರಿ ಬೇರೆ. ಯುರೋಪಿನಲ್ಲಿ ಅದರ ಮಾದರಿಗಳು ಅಚ್ಚಾಗತೊಡಗಿದ್ದು 1820ರ ದಶಕದಲ್ಲಿ. ಎರಡೇ ದಶಕದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳ ಜೊತೆ ಅದು ಗೋದಾವರಿ ದಂಡೆಯ ನರಸಾಪುರಕ್ಕೆ ಬಂತು. ಅಲ್ಲಿನ ಹೆಂಗಸರು ಮನೆಯಲ್ಲಿ ಕೂತು ಹೆಣೆದ ಲೇಸು ಹಡಗು ಹತ್ತಿತು. ಅವರಿಗೆ ದಕ್ಕಿದ ಕೂಲಿ ಎಷ್ಟು ಕಡಿಮೆ ಎಂಬುದನ್ನು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪುಸ್ತಕವಾಗಿ ಬರೆದರು. ರಾಯಚೂರಿನ ಕಡೆ ಕ್ರೋಶಾ ಹಾಗೆ ಪೇಟೆಯ ಸರಕಾಗಲಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಕಲಿತ ಹುಡುಗಿಯರ ಕೈಯಿಂದ ಬಾಗಿಲ ತೋರಣ, ತಾಟಿನ ಮುಚ್ಚಳ, ರೇಡಿಯೋ ಮೇಲಿನ ಹೊದಿಕೆಯಾಗಿ ನಿಂತಿತು; ಟೀವಿ ಬಂದಾಗ ಟೀವಿಯ ನೆತ್ತಿಗೂ ಏರಿತು. ಹೆಣ್ಣು ನೋಡಲು ಬಂದವರಿಗೆ ತೋರಿಸುವ ಕೆಲಸ ಅದು. ಬೀಗರ ಮುಂದೆ ಕೌದಿ ಹರವಿ ತೋರಿಸಿದವರಿಲ್ಲ. ಮಾನದ ಲೆಕ್ಕದಲ್ಲಿ ಕೊಂಡ ದಾರಕ್ಕೆ ಇದ್ದ ಬೆಲೆ ಹಳೆ ಅರಿವೆಗೆ ಇರಲಿಲ್ಲ.

ಕೌದಿ ಹಿಂದೆ ಸರಿದದ್ದಕ್ಕೆ ಕಾರಣ ಒಂದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಗಿ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ಎರಡು ಬೆಳೆ. ಬೇಸಿಗೆಯಲ್ಲೂ ನಾಟಿ, ಕಳೆ, ಕೊಯ್ಲು. ಟಾಕಿ ಹಾಕಲು ಪುರುಸೊತ್ತೆಲ್ಲಿ? ಇತ್ತ ಸೀರೆಯೂ ಬದಲಾಯಿತು. ಪಾಲಿಯೆಸ್ಟರ್ ಸೀರೆ ಹರಿಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ. ಪದರ ಹಾಕಿದರೆ ಒಂದರ ಮೇಲೊಂದು ಜಾರುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ. ಹಳೆ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವವನು ಓಣಿಗೆ ಬಂದಾಗ ಅಟ್ಟದ ಗಂಟು ಡಬರಿಯಾಗಿ ಕೆಳಗಿಳಿಯಿತು. ಕೊನೆಗೆ ಬಂದದ್ದು ಪಾಣಿಪತ್ತಿನ ಅಗ್ಗದ ರಗ್ಗು. ಹರಿಯಾಣದ ಆ ಊರು ಹೊರದೇಶದವರು ಬಿಸಾಡಿದ ಬಟ್ಟೆಯನ್ನು ಚಿಂದಿ ಮಾಡಿ, ಅದನ್ನೇ ಮತ್ತೆ ನೂತು ರಗ್ಗು ನೇಯುವುದಕ್ಕೆ ಹೆಸರುವಾಸಿ. ತಮ್ಮ ಅಜ್ಜಿಯ ಸೀರೆ ಪಾತ್ರೆಯವನಿಗೆ ಕೊಟ್ಟು ಯಾರದೋ ಅಜ್ಜಿಯ ಸ್ವೆಟರು ಹೊದ್ದಂತಾಯಿತು.

ಹಾಗೆಂದು ಕೌದಿ ಪೂರ್ತಿ ಹೋಗಿಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೊರಟವರ ಗಂಟಿನಲ್ಲಿ ಜೋಳದ ಹಿಟ್ಟು, ಎರಡು ಡಬರಿ, ಒಂದು ಕೌದಿ ಇರುತ್ತದೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅದೇ ಹಾಸಿಗೆ, ಅದೇ ಗಾಳಿಗೆ ಅಡ್ಡ ಕಟ್ಟುವ ಪರದೆ. ಅದೇ ನಗರದ ಮಳಿಗೆಗಳಲ್ಲಿ ಹೊಸ ಬಟ್ಟೆ ಕತ್ತರಿಸಿ, ಹಳೆಯದರಂತೆ ಕಾಣಲೆಂದು ಮಾಡಿದ ‘ಕೌದಿ’ಗಳು ಸಾವಿರಾರು ರೂಪಾಯಿಗೆ ಮಾರಾಟಕ್ಕಿವೆ. ಹೊಲಿದವಳಿಗೆ ಸರಿಯಾದ ಕೂಲಿ ಸಿಕ್ಕರೆ ಅದಕ್ಕೂ ತಕರಾರಿಲ್ಲ. ಆದರೆ ಅದು ಬೇರೆ ವಸ್ತು, ಹೆಸರು ಮಾತ್ರ ಒಂದೇ.

ನಿಮ್ಮ ಊರಮನೆಯ ಅಟ್ಟದಲ್ಲಿ ಹಳೆಯ ಕೌದಿ ಇದ್ದರೆ ಈ ಬೇಸಿಗೆಗೆ ಕೆಳಗಿಳಿಸಿ ಬಿಸಿಲಿಗೆ ಹರವಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಚೌಕ ತೋರಿಸಿ ಕೇಳಿ: ಇದು ಯಾರ ಸೀರೆ, ಇದು ಯಾರ ಮದುವೆಯದು, ಟಾಕಿ ಹಾಕಿದವರು ಯಾರು. ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಒಂದು ಚೀಲಕ್ಕೆ ಹಾಕಿ, ಕೌದಿಯ ಮಡಿಕೆಯೊಳಗೇ ಇಟ್ಟುಬಿಡಿ.